ಗುರುಶಾಂತಮ್ಮ ಟೀಚರ ಇಪ್ಪತ್ತೆಂಟು ಡಬ್ಬಿಗಳು

ಆಂಧ್ರದ ಗಡಿಯ ಮಡಕಶಿರದ ನಮ್ಮ ಶಾಲೆಯಲ್ಲಿ ಯುಕೆಜಿ ಕ್ಲಾಸು ಎಲ್ಲಿದೆ ಅಂತ ಯಾರೂ ಕೇಳುವುದಿಲ್ಲ. ಬಾಗಿಲ ಹೊರಗೆ ಒಂದು ಜೊತೆ ದೊಡ್ಡ ಚಪ್ಪಲಿ, ಅದರ ಸುತ್ತ ಇಪ್ಪತ್ತೆಂಟು ಜೊತೆ ಪುಟ್ಟ ಬೂಟು, ಕೋಳಿಯ ಸುತ್ತ ಮರಿ ಕೂತ ಹಾಗೆ ಬಿದ್ದಿದ್ದರೆ ಅದೇ ಯುಕೆಜಿ. ಆ ದೊಡ್ಡ ಚಪ್ಪಲಿ ಗುರುಶಾಂತಮ್ಮ ಟೀಚರದ್ದು.

ಅವರು ಇಪ್ಪತ್ತಮೂರು ವರ್ಷದ ಹಿಂದೆ ರಾಯದುರ್ಗದಿಂದ ಬಂದವರು, ಇಲ್ಲಿಯ ಕಿರಾಣಿ ಅಂಗಡಿ ಗಾದಿಲಿಂಗಪ್ಪನವರ ಹೆಂಡತಿಯಾಗಿ. ಬಂದ ವರ್ಷವೇ ಯುಕೆಜಿಗೆ ಸೇರಿದರು. ಆಮೇಲೆ ಆ ಕ್ಲಾಸು ಬಿಟ್ಟು ಕದಲಿಲ್ಲ. ಯಾರಾದರೂ ಕೇಳಿದರೆ, "ನಾ ಇನ್ನೂ ಪಾಸ್ ಆಗಿಲ್ರಿ, ಅದಕ್ಕ ಅಲ್ಲೇ ಕುಂತೀನಿ" ಅಂತಾರೆ. ಊರು ಬಿಟ್ಟರೂ ಮಾತು ಬಿಟ್ಟಿಲ್ಲ. ನಾವು "ಬಾರ್ಲಾ" ಅನ್ನುವ ಕಡೆ ಅವರು ನಾಲ್ಕು ವರ್ಷದ ಮಗುವಿಗೂ "ಬರ್ರೀ ಯಪ್ಪಾ" ಅನ್ನುತ್ತಾರೆ. ಅವರ ಕೈಕೆಳಗೆ ಒಂದು ವರ್ಷ ಕಳೆದ ಮಕ್ಕಳು ಮನೆಗೆ ಹೋಗಿ ಅಜ್ಜಿಗೆ "ಕುಂದ್ರಿ, ಉಣ್ರಿ" ಅಂದು ಅಜ್ಜಿಯನ್ನು ಗಾಬರಿ ಮಾಡಿದ್ದುಂಟು.

ಅವರ ಹೆಗಲಿಗೆ ಒಂದು ಚೀಲ. ಒಳಗೆ ಪಿನ್ನು, ಕೊಬ್ಬರಿ ಎಣ್ಣೆ, ಮೂರು ಸೈಜಿನ ಚಡ್ಡಿ, ಮತ್ತೆ ಜೀನ್ಸ್ ಬಟ್ಟೆಯ ತುಂಡುಗಳು. ಅವರ ತಮ್ಮ ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುತ್ತಾನೆ. ಕತ್ತರಿಸಿ ಉಳಿದ ಬಟ್ಟೆಯನ್ನೆಲ್ಲ ಅಕ್ಕನಿಗೆ ಬಸ್ಸಿನಲ್ಲಿ ಹಾಕಿ ಕಳಿಸುತ್ತಾನೆ. ಟೀಚರು ಅದರಲ್ಲಿ ಅಂಗೈಯಗಲದ ಚೀಲ ಹೊಲಿದು ಮಕ್ಕಳಿಗೆ ಕೊಡುತ್ತಾರೆ. ಮಕ್ಕಳು ಅದರಲ್ಲಿ ಹುಣಸೆಬೀಜ ತುಂಬಿಕೊಂಡು ಶ್ರೀಮಂತರಾಗುತ್ತಾರೆ.

ನಾನು ಕಲ್ಲೇಶ. ಅದೇ ಶಾಲೆಯಲ್ಲಿ ಆರನೇ, ಏಳನೇ ಕ್ಲಾಸಿಗೆ ಲೆಕ್ಕದ ಮೇಷ್ಟ್ರು. ನನ್ನ ಲೆಕ್ಕದ ಬಗ್ಗೆ ನನ್ನ ಹೆಂಡತಿಗೂ ಶಾಲೆಯ ಯಜಮಾನರಿಗೂ ಒಂದೇ ಅಭಿಪ್ರಾಯ. ಆದರೆ ಕೈಬರಹ ಮುತ್ತಿನಂಥದ್ದು. ಹಾಗಾಗಿ ಮನೆಗಳಿಗೆ ಹೋಗುವ ಸುತ್ತೋಲೆಗಳೆಲ್ಲ ನನ್ನ ಕೈಯಿಂದಲೇ ಹೊರಡಬೇಕು. ಈ ಕತೆಯಲ್ಲಿ ಆದ ಅನಾಹುತಕ್ಕೆಲ್ಲ ಆ ಮುತ್ತುಗಳೇ ಕಾರಣ.

ಈ ಜನವರಿಯಲ್ಲಿ, ಸಂಕ್ರಾಂತಿ ರಜೆಗೆ ಇನ್ನೊಂದು ವಾರವಿದೆ ಅನ್ನುವಾಗ, ಕರೆಸ್ಪಾಂಡೆಂಟ್ ಪ್ರಸಾದ್ ಅವರು ನಮ್ಮಿಬ್ಬರನ್ನೂ ಕರೆಸಿದರು. ಶಾಲೆಯ ಯಜಮಾನರನ್ನು ನಮ್ಮ ಕಡೆ ಕರೆಸ್ಪಾಂಡೆಂಟ್ ಅಂತಲೇ ಕರೆಯುವುದು. ಪ್ರಸಾದ್ ಇನ್ನೂ ಹುಡುಗ. ಅಪ್ಪ ಕಟ್ಟಿದ ಶಾಲೆಯನ್ನು ಫೋನಿನಲ್ಲಿ ನೋಡಿ ನೋಡಿ ನಡೆಸುತ್ತಾನೆ. ಯಾವುದೋ ದೊಡ್ಡ ಊರಿನ ಶಾಲೆಯ ವೀಡಿಯೊ ತೋರಿಸಿದ. ಮಕ್ಕಳು ಸುತ್ತ ಕೂತಿವೆ, ನಡುವೆ ಬಣ್ಣಬಣ್ಣದ ಡಬ್ಬಿಗಳು, ಒಂದೊಂದು ಎತ್ತಿಕೊಂಡು, ಮುಚ್ಚಳ ತೆಗೆದು ಕುಣಿಯುತ್ತಿವೆ.

"ಗಿಫ್ಟ್ ಎಕ್ಸ್‌ಚೇಂಜ್ ಮೇಡಂ. ರಜೆಗೆ ಮುಂಚೆ ಮಾಡ್ತಾರೆ. ಯಾರು ಕೊಟ್ಟಿದ್ದು ಅಂತ ಯಾರ್ಗೂ ಗೊತ್ತಾಗಬಾರ್ದು, ಅದೇ ಮಜಾ. ಮಂಗಳವಾರ ನಮ್ಮ ಯುಕೆಜೀಲೂ ಆಗ್ಬೇಕು. ವೀಡಿಯೊ ಹಾಕಿದ್ರೆ ಅಡ್ಮಿಷನ್‌ಗೆ ಒಳ್ಳೇದು."

ಯಾರು ಕೊಟ್ಟರು ಅಂತ ಗೊತ್ತಾಗದಿದ್ದರೆ ಕೊಟ್ಟು ಏನು ಪ್ರಯೋಜನ ಅನ್ನುವುದು ನನಗೆ ಅರ್ಥವಾಗಲಿಲ್ಲ. ಗುರುಶಾಂತಮ್ಮನವರಿಗೂ ಆಗಲಿಲ್ಲ ಅಂತ ಮುಖ ಹೇಳುತ್ತಿತ್ತು. ಆದರೂ ಅವರು ಚೀಲದಿಂದ ಒಂದು ಪುಟ್ಟ ಜೀನ್ಸ್ ಚೀಲ ತೆಗೆದು ಮೇಜಿನ ಮೇಲಿಟ್ಟು, "ಇಂಥಾದ್ರಾಗ ಹಾಕಿ ಕೊಡೂಣ್ರಿ ಸಾರ್, ಎಲ್ಲಾ ಒಂದೇ ಥರ ಇರ್ತಾವ, ಯಾರ್ದು ಯಾವ್ದು ಗೊತ್ತಾಗಂಗಿಲ್ಲ" ಅಂದರು.

"ಇದು ಪ್ಯಾಂಟಿನ ಚಿಂದಿ ಅಲ್ವಾ ಮೇಡಂ? ವೀಡಿಯೊದಲ್ಲಿ ಬಾಕ್ಸ್ ಇತ್ತು. ಬಾಕ್ಸೇ ಬೇಕು." ಪ್ರಸಾದ್ ಫೋನು ಕೆಳಗಿಟ್ಟ. "ಇನ್ನೊಂದು ಮಾತು. ಈ ವರ್ಷ ನಿಮ್ಮ ಮೇಲೆ ಎರಡು ಕಂಪ್ಲೇಂಟ್ ಬಂದಿದೆ. ಒಂದು, ಮಧ್ಯಾಹ್ನ ಮಕ್ಕಳನ್ನ ಮಲಗಿಸ್ತೀರಿ. ಎರಡು, ಎಬ್ಬಿಸಲ್ಲ. ಮೂರನೇದು ಬಂತು ಅಂದ್ರೆ, ರಜೆ ಮುಗಿದ ಮೇಲೆ ಯುಕೆಜಿ ಉಷಾರಾಣಿ ಮೇಡಂಗೆ. ಅವರು ಹೊಸಾ ಟ್ರೈನಿಂಗ್ ಮಾಡ್ಕೊಂಡು ಬಂದವ್ರೆ. ನೀವು ಯೂನಿಫಾರಂ ರೂಮ್ ನೋಡ್ಕೊಳ್ಳಿ."

ಯೂನಿಫಾರಂ ರೂಮು ಅಂದರೆ ಮೆಟ್ಟಿಲ ಕೆಳಗಿನ ಗೂಡು. ಕಿಟಕಿ ಇಲ್ಲ. ಟೈ, ಬೆಲ್ಟು, ಗುಂಡಿ, ಚೌಕಳಿ ಬಟ್ಟೆಯ ಗಂಟುಗಳು.

ಹೊರಗೆ ಬಂದ ಮೇಲೆ ಗುರುಶಾಂತಮ್ಮನವರು ಆ ಪುಟ್ಟ ಚೀಲವನ್ನು ಮಡಿಸಿ ಹೆಗಲ ಚೀಲದೊಳಗೆ ಇಟ್ಟುಕೊಂಡರು. ಆಮೇಲೆ, "ಮಾಸ್ತರ್ರ, ಆ ಖೋಲ್ಯಾಗ ಮೂಗು ಒರೆಸಾಕ ಒಂದು ಕೂಸೂ ಇರಂಗಿಲ್ಲಲ್ರೀ" ಅಂದರು. ಅಷ್ಟೇ. ಚಪ್ಪಲಿ ಬಿಟ್ಟು ಕ್ಲಾಸಿಗೆ ಹೋದರು.

ನನಗೆ ಅವರ ಮೇಲೆ ಕಳಕಳಿ ಉಕ್ಕಿತು. ಕಂಪ್ಲೇಂಟಿಗೆ ಜಾಗವೇ ಇಲ್ಲದ ಹಾಗೆ ಸುತ್ತೋಲೆ ಬರೆಯಬೇಕು ಅಂತ ಶಪಥ ಮಾಡಿದೆ. ಒಂದು ಮಗ್ಗುಲಲ್ಲಿ ತೆಲುಗು, ಇನ್ನೊಂದು ಮಗ್ಗುಲಲ್ಲಿ ಕನ್ನಡ. ಹೊಸದೇನೂ ಕೊಳ್ಳಬೇಡಿ, ಮನೆಯಲ್ಲಿರುವ ಸಣ್ಣ ವಸ್ತುವೊಂದನ್ನು ಮುಚ್ಚಳವಿರುವ ಡಬ್ಬಿಯಲ್ಲಿಟ್ಟು ಕಳಿಸತಕ್ಕದ್ದು ಅಂತ ಬರೆದೆ. ಇದು ಟೀಚರ ಮಾತು, ಒಳ್ಳೆಯ ಮಾತು. ಅದರ ಕೆಳಗೆ ನನ್ನ ಸ್ವಂತ ಬುದ್ಧಿಯಿಂದ ಒಂದು ಸಾಲು ಸೇರಿಸಿ ಅಡಿಗೆರೆ ಎಳೆದೆ: "ಡಬ್ಬಿಯ ಮೇಲೆ ತಮ್ಮ ಹೆಸರು ಕಾಣಕೂಡದು." ಆ "ಕಾಣಕೂಡದು" ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಅವತ್ತು ಎರಡು ಸಲ ಹೋಗಿ ನೋಡಿ ಬಂದೆ.

ನಮ್ಮ ಸೀಮೆಯ ಪಾತ್ರೆಗಳ ವಿಷಯ ಇಲ್ಲಿ ಹೇಳಿಬಿಡಬೇಕು. ಹೆಸರಿಲ್ಲದ ಸ್ಟೀಲು ಪಾತ್ರೆ ಅಂದರೆ ಹಗ್ಗವಿಲ್ಲದ ಎಮ್ಮೆ, ಯಾರ ಮನೆಗೆ ಹೊಕ್ಕೀತೋ ಹೇಳಲಾಗದು. ಆದ್ದರಿಂದ ಕೊಂಡ ಕೂಡಲೇ ಅಂಗಡಿಯವನ ಹತ್ತಿರ ಹೆಸರು ಹೊಡೆಸುತ್ತೇವೆ. ಮದುವೆಗೆ ಮುಯ್ಯಿ ಅಂತ ಪಾತ್ರೆ ಕೊಟ್ಟರೆ ಅದರ ಮೇಲೆ ಕೊಟ್ಟವರ ಹೆಸರು, ಊರು. ಹಾಗಾಗಿ ಯಾರ ಮನೆಯ ಅಡುಗೆಮನೆಗೆ ಹೋದರೂ ಅರ್ಧ ಪಾತ್ರೆಗಳ ಮೇಲೆ ಆ ಮನೆಯವರ ಹೆಸರು, ಇನ್ನರ್ಧದ ಮೇಲೆ ಚಿಕ್ಕಪ್ಪ, ಸೋದರಮಾವ, ಬೀಗರು. ಇದು ನನಗೂ ಗೊತ್ತಿತ್ತು. ದಿನಾ ಬೆಳಿಗ್ಗೆ ನಾನು ಕಾಫಿ ಕುಡಿಯುವ ಲೋಟದ ಮೇಲೆ ನನ್ನ ಷಡ್ಡಕನ ಹೆಸರಿದೆ. ಆದರೆ ಸುತ್ತೋಲೆ ಬರೆಯುವಾಗ ಯಾರು ಲೋಟ ನೆನೆಸಿಕೊಳ್ಳುತ್ತಾರೆ?

ಮಂಗಳವಾರ ಇಪ್ಪತ್ತೆಂಟು ಸ್ಟೀಲು ಡಬ್ಬಿ ಬಂದವು. ಜಮಖಾನದ ಮೇಲೆ ರಾಶಿ ಹಾಕಿದೆವು. ಗುರುಶಾಂತಮ್ಮನವರು ಒಂದೊಂದು ಮಗುವಿನ ಕಣ್ಣಿಗೂ ಸೆರಗು ಮುಚ್ಚಿ, "ಎತ್ರೀ ಯಪ್ಪಾ, ಕೈಗೆ ಸಿಕ್ಕಿದ್ದು ನಿಮ್ದು" ಅನ್ನುತ್ತ ಎತ್ತಿಸಿದರು. ಚಿಕ್ಕಿ ಬಂತು, ಬಳೆ ಬಂತು, ಬಾಲ ಮುರಿದ ರಬ್ಬರು ಹಲ್ಲಿ ಬಂತು. ಅಂಜಿ ಅನ್ನುವ ಹುಡುಗಿಗೆ ಐದು ರೇಷ್ಮೆಗೂಡು ಸಿಕ್ಕವು. ಮೊಟ್ಟೆ ಅಂತ ಕೆನ್ನೆಗೆ ಒತ್ತಿಕೊಂಡಳು. ಮಕ್ಕಳು ಕುಣಿದವು, ಪ್ರಸಾದ್ ವೀಡಿಯೊ ತೆಗೆದ. ಕಂಪ್ಲೇಂಟು ಇಲ್ಲ. ಗುರುಶಾಂತಮ್ಮನವರು ನನಗೆ ಅರ್ಧ ಚಿಕ್ಕಿ ಕೊಟ್ಟರು.

ಬುಧವಾರ ಬೆಳಿಗ್ಗೆ ಗೇಟು ತೆಗೆಯುವಷ್ಟರಲ್ಲಿ ಯುಕೆಜಿಯ ವಾಗೀಶನ ತಾಯಿ ಚಂದ್ರಕಲಾ ಡಬ್ಬಿ ಹಿಡಿದು ನಿಂತಿದ್ದರು.

"ಸಾ, ಯಾರು ಸಾ ಈ ಗಂಗಣ್ಣ?"

ಡಬ್ಬಿಯ ಮೇಲೆ ಚುಕ್ಕಿಚುಕ್ಕಿಯಾಗಿ ಹೊಡೆದಿತ್ತು: ಗಂಗಣ್ಣ – ಪಾಪಕ್ಕ, ರೊಳ್ಳ.

"ನಮ್ಗೂ ರೊಳ್ಳಕ್ಕೂ ಹೆಣ್ಣು ಕೊಟ್ಟಿಲ್ಲ ತಂದಿಲ್ಲ. ಯಾಕೆ ಚಿಕ್ಕಿ ಕಳ್ಸವ್ರೆ?"

"ಅದು ಗುಟ್ಟಮ್ಮ."

"ಗುಟ್ಟಾಗಿ ಚಿಕ್ಕಿ ಕಳಿಸೋಕೆ ಅವ್ರ್ಯಾರು ಸಾ? ನಾಳೆ ನಮ್ಮತ್ತೆ ಕೇಳಿದ್ರೆ ಏನ್ ಹೇಳ್ಲಿ? ತಿಂದ್ಬುಟ್ಟವ್ನೆ ಮಗ. ಡಬ್ಬೀನ ಇಟ್ಕೊಳಾಕಾಗಲ್ಲ, ಖಾಲಿ ಡಬ್ಬಿ ವಾಪಸ್ ಕೊಡಾಕಾಗಲ್ಲ."

ಖಾಲಿ ಡಬ್ಬಿ ಹಿಂದಿರುಗಿಸುವುದು ನಮ್ಮಲ್ಲಿ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಒಂದು ಚಿಟಿಕೆ ಸಕ್ಕರೆಯಾದರೂ ಹಾಕಬೇಕು. ಆ ಕಷ್ಟ ನನಗೆ ಅರ್ಥವಾಯಿತು. ಲೆಕ್ಕದ ಮೇಷ್ಟ್ರು ನೋಡಿ, ಉತ್ತರ ಕೊಡದೆ ಇರಲಾಗುವುದಿಲ್ಲ. "ಹೆಸರಿದೆಯಲ್ಲಮ್ಮ, ಊರೂ ಇದೆ. ಅವರಿಗೇ ತಲುಪಿಸಿಬಿಡಿ" ಅಂದೆ.

ಅವತ್ತು ಸಂಜೆಯೇ ಅವರ ಗಂಡ ತಿಪ್ಪೇಶ, ಡಬ್ಬಿಗೆ ಹುರಿಗಡಲೆ ತುಂಬಿಕೊಂಡು, ಗಾಡಿ ಹತ್ತಿ ರೊಳ್ಳಕ್ಕೆ ಹೋದ.

ಅದಕ್ಕೆ ಮುಂಚೆ, ಮಧ್ಯಾಹ್ನದ ಹೊತ್ತಿಗೇ ಇನ್ನೂ ಆರು ಜನ ತಾಯಂದಿರು ಬಂದುಹೋಗಿದ್ದರು. ಒಂದು ಡಬ್ಬಿಯ ಮೇಲೆ ದೊಡ್ಡರಂಗಪ್ಪ, ಅಗಳಿ. ಒಂದರ ಮೇಲೆ ಚಿನ್ನಕ್ಕ, ಅಮರಾಪುರ. ನಾನು ಯುಕೆಜಿ ಹಾಜರಿ ಪುಸ್ತಕ ಮೂರು ಸಲ ತಿರುವಿ ಹಾಕಿದೆ. ಆ ಮಕ್ಕಳ ಅಪ್ಪಂದಿರಲ್ಲಿ ದೊಡ್ಡರಂಗಪ್ಪ ಇಲ್ಲ, ಅಮ್ಮಂದಿರಲ್ಲಿ ಚಿನ್ನಕ್ಕ ಇಲ್ಲ. ಇಪ್ಪತ್ತೆಂಟು ಮಕ್ಕಳಿಗೆ, ಶಾಲೆಯ ಹೊಸಿಲು ತುಳಿಯದ ಇಪ್ಪತ್ತೆಂಟು ಜನ ಉಡುಗೊರೆ ಕಳಿಸಿದ್ದರು. ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ಹಾಕಿದಷ್ಟೂ ಮಂದಿ ಹೆಚ್ಚಾದರು.

"ಮಾಸ್ತರ್ರ, ಎಲ್ಲಾರಿಗೂ ಆ ಊರಿಗೇ ಹೋಗ್ರಿ ಅಂತ ಹೇಳೀರೇನ್ರಿ?" ಅಂತ ಗುರುಶಾಂತಮ್ಮನವರು ಮೆಲ್ಲಗೆ ಕೇಳಿದರು.

"ಏಳು ಜನಕ್ಕೆ ಹೇಳಿದ್ದೀನಿ."

"ಉಳಿದೋರಿಗೆ ಹೇಳಬ್ಯಾಡ್ರಿ, ಕೈ ಮುಗೀತೀನಿ." ಆ ಆರು ಜನಕ್ಕೂ ಹೋಗಬೇಡಿ ಅಂತ ಅವರೇ ಹೇಳಿಕಳಿಸಿದರು; ಚಂದ್ರಕಲಾ ಮನೆಗೆ ಹೇಳುವಷ್ಟರಲ್ಲಿ ತಿಪ್ಪೇಶ ಹೊರಟುಬಿಟ್ಟಿದ್ದ.

ಗುರುವಾರ ಹತ್ತೂವರೆಗೆ ರೊಳ್ಳದ ಬಸ್ಸಿಳಿದು, ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ಕಂಕುಳಲ್ಲಿ ಸ್ಟೀಲು ಡಬ್ಬಿ ಇಟ್ಟುಕೊಂಡ ಮುದುಕರೊಬ್ಬರು ನೇರ ಯುಕೆಜಿ ಬಾಗಿಲಿಗೆ ಬಂದರು. ನಾನು ಆಗ ಅಲ್ಲೇ ಇದ್ದೆ. ಏಳನೇ ಕ್ಲಾಸಿನಲ್ಲಿರಬೇಕಾಗಿತ್ತು, ಇರಲಿ.

"ಇಲ್ಲಿ ನನ್ ಮುಯ್ಯಿ ವಾಪಸ್ ಕಳ್ಸಿದೋರು ಯಾರು?"

ಇಪ್ಪತ್ತೆಂಟು ಮಕ್ಕಳೂ ಒಟ್ಟಿಗೆ ಅವರ ಕಡೆ ತಿರುಗಿದವು.

"ನಾನು ಗಂಗಣ್ಣ. ಜೀವ್ಮಾನದಲ್ಲಿ ಅರವತ್ತು ಮದ್ವೇಗೆ ಮುಯ್ಯಿ ಇಕ್ಕಿವ್ನಿ. ಒಂದು ಲೋಟ ಹಿಂದುಕ್ಕೆ ಬಂದಿಲ್ಲ. ನಿನ್ನೆ ಯಾವನೋ ಗಾಡೀಲಿ ಬಂದು, ತಗೊಳ್ಳಪ್ಪ ನಿನ್ ಡಬ್ಬಿ ಅಂತ ನನ್ ಹೆಂಡ್ರು ಮುಂದೆ, ಬೀದಿ ಜನದ ಮುಂದೆ ಇಕ್ಕಿ ಹೋದ. ಇಸ್ಕೂಲಿಂದ ಅಂದ. ಯಾರ ಸಂಬಂದ ಮುರೀತು? ಯಾವ ತಪ್ಪಿಗೆ? ಒಳಗೆ ಹುರಿಗಡ್ಲೆ ಬೇರೆ!"

ಕೊಟ್ಟ ಮುಯ್ಯಿ ಪಾತ್ರೆ ಅದೇ ಪಾತ್ರೆಯಾಗಿ ಮನೆಗೆ ಬಂದರೆ, ಇನ್ನು ನಿಮಗೂ ನಮಗೂ ಬಳಕೆ ಇಲ್ಲ ಅಂತ ಅರ್ಥ. ಪಾಪಕ್ಕ ರಾತ್ರಿಯಿಂದ ಊಟ ಮಾಡಿಲ್ಲವಂತೆ.

"ನಿಮ್ ದೊಡ್ಡ ಸಾರು ಎಲ್ಲವ್ರೆ? ಈ ಟೀಚರಮ್ಮನ ಮ್ಯಾಲೆ ಬರ್ದು ಕೊಡ್ಬೇಕು."

ಮೂರನೆಯ ಕಂಪ್ಲೇಂಟು. ನನಗೆ ಮೆಟ್ಟಿಲ ಕೆಳಗಿನ ಗೂಡು ಕಣ್ಣಿಗೆ ಕಟ್ಟಿತು. ಗುರುಶಾಂತಮ್ಮನವರು ಮಾತ್ರ ಮಕ್ಕಳ ಬೆಂಚಿನ ಮೇಲಿನ ಧೂಳು ಸೆರಗಿನಿಂದ ಒರೆಸಿದರು.

"ಬರೀರ್ರಿ ಅಣ್ಣಾ, ಬರೀಲೇಬೇಕು. ಸಾರ್ ಹಿಂದೂಪುರಕ್ಕ ಹೋಗ್ಯಾರ, ನಾಳೆ ಬರ್ತಾರ. ಮೊದ್ಲ ಕುಂದ್ರಿ, ನೀರು ಕುಡೀರಿ. ಯಾರ ಮದಿವಿಗೆ ಕೊಟ್ಟಿದ್ರಿ ಈ ಡಬ್ಬಿ?"

"ಅರವತ್ತರಾಗೆ ಯಾವ್ದು ಅಂತ ಹೇಳ್ಲಮ್ಮ? ಎಲ್ಲಾರ್ಗೂ ಇಂಥದ್ದೇ ಡಬ್ಬಿ ಕೊಟ್ಟಿವ್ನಿ." ಕೂತರು. ಬೆಂಚು ಎಷ್ಟು ಗಿಡ್ಡವೆಂದರೆ ಮೊಣಕಾಲು ಗಲ್ಲಕ್ಕೆ ಬಂತು. "ನಂಗೆ ಬರ್ಯಾಕೆ ಬರಲ್ಲ. ನೀನು ಮೇಷ್ಟ್ರೇನಪ್ಪಾ? ಬರಿ."

ನಾನೇ ಬರೆದೆ. ಬೇರೆ ಏನು ಮಾಡಲಿ? "ಯುಕೆಜಿ ಟೀಚರು ನನ್ನ ಮುಯ್ಯಿಗೆ ಅಪಮಾನ ಮಾಡಿಸಿರುತ್ತಾರೆ" ಅಂತ, ಅದೇ ಮುತ್ತಿನಂಥ ಅಕ್ಷರದಲ್ಲಿ. "ಅಪಮಾನ" ಚೆನ್ನಾಗೇ ಬಂತು. ಗುರುಶಾಂತಮ್ಮನವರು ಒಂದು ಸಲ ನೋಡಿ, "ಮಾಸ್ತರ್ರ ಅಕ್ಷರ ಛಂದ ಅದಾವ" ಅಂದು ಮಕ್ಕಳ ಕಡೆ ತಿರುಗಿದರು. ಆ ಮಾತಿನ ಅರ್ಥ ಏನೆಂದು ಇವತ್ತಿಗೂ ಗೊತ್ತಾಗಿಲ್ಲ.

ಅಷ್ಟರಲ್ಲಿ ಅಂಜಿ ಕಿರುಚಿದಳು. ಅವಳ ಡಬ್ಬಿಯ ರೇಷ್ಮೆಗೂಡೊಂದು ತೂತಾಗಿ ಬೂದುಬಿಳುಪು ಚಿಟ್ಟೆ ಹೊರಗೆ ಬಂದಿತ್ತು. ಮಕ್ಕಳೆಲ್ಲ ಮೂಲೆಗೆ ಓಡಿದವು. ಗಂಗಣ್ಣ ಮನೆ ತುಂಬ ರೇಷ್ಮೆಹುಳ ಸಾಕುವವರು. ಬೆಂಚಿನಿಂದ ಎದ್ದು, ಚಿಟ್ಟೆಯನ್ನು ಬೆರಳ ಮೇಲೆ ಹತ್ತಿಸಿಕೊಂಡು, "ಎದ್ರುಕೋಬ್ಯಾಡ ಮಗಾ, ಇದು ಹಾರಾಕೂ ಬರದ ಬಡಪಾಯಿ" ಅಂದರು. ಆಮೇಲೆ ಹಿಪ್ಪುನೇರಳೆ ಸೊಪ್ಪು, ಪೊರೆ ಬಿಡುವ ಮುಂಚೆ ಹುಳ ಮಾಡುವ ನಾಲ್ಕು ನಿದ್ದೆ, ಎಲ್ಲ ಹೇಳತೊಡಗಿದರು. ನಿದ್ದೆಯ ಮಾತು ಬರುವ ಹೊತ್ತಿಗೆ ಮಧ್ಯಾಹ್ನದ ಊಟವಾಗಿ, ಗುರುಶಾಂತಮ್ಮನವರು ಚಾಪೆ ಹಾಸುತ್ತಿದ್ದರು. ಇಪ್ಪತ್ತೆಂಟು ಮಕ್ಕಳು ಮಲಗಿದವು. ಕೊನೆಯ ಚಾಪೆಯ ಮೇಲೆ, ಡಬ್ಬಿಗೆ ಟವೆಲು ಸುತ್ತಿ ತಲೆಗಿಟ್ಟುಕೊಂಡು, ಗಂಗಣ್ಣನೂ ಮಲಗಿದರು. ಯಾರೂ ಎಬ್ಬಿಸಲಿಲ್ಲ.

ಮೂರೂವರೆಗೆ ಮಕ್ಕಳನ್ನು ಕರೆದುಕೊಂಡು ಹೋಗಲು ತಾಯಂದಿರು ಬಂದರು. ಅಂಜಿಯ ಚಿಟ್ಟೆ ನೋಡಲು ಬಗ್ಗಿದ ಲಕ್ಷ್ಮಿದೇವಿ ಅನ್ನುವಾಕೆ, ಚಾಪೆಯ ಮೇಲಿನ ಮುದುಕರನ್ನು ನೋಡಿ ಎದೆ ಹಿಡಿದುಕೊಂಡಳು.

"ಮಾವಾ! ನೀನ್ಯಾಕೆ ಯುಕೆಜೀಲಿ ಮಲಗಿದ್ದೀಯ?"

ಗಂಗಣ್ಣ ಎದ್ದು ಕೂತರು. ಸೋದರಮಾವ. ಏಳು ವರ್ಷದ ಹಿಂದೆ ಲಕ್ಷ್ಮಿದೇವಿಯ ಮದುವೆಗೆ ಕೊಟ್ಟ ಡಬ್ಬಿ ಅದು.

"ನೀನಾ? ನೀನು ನನ್ ಮುಯ್ಯಿ ಬೇರೇವ್ರಿಗೆ ದಾಟಿಸ್ದಾ?"

"ಅಯ್ಯೋ ಮಾವಾ, ತಮ್ಮ ಹೆಸರು ಕಾಣಕೂಡದು ಅಂತ ಚೀಟೀಲಿ ಬರ್ದಿದ್ರು. ಗೆರೆ ಬೇರೆ ಎಳ್ದಿದ್ರು! ನಮ್ ಯಜಮಾನ್ರ ಹೆಸರಿನ ಡಬ್ಬಿ ಕೊಟ್ರೆ ಕಾಣುತ್ತಲ್ಲ. ಹುಡುಕಿ ಹುಡುಕಿ ನಿನ್ ಹೆಸರಿಂದು ಕೊಟ್ವಿ. ಡಬ್ಬಿ ಇನ್ನೇನು ನಾಳೆ ವಾಪಸ್ ಬರ್ತದೆ ಅಂದ್ಕೊಂಡೆ."

ಸುತ್ತ ನಿಂತ ತಾಯಂದಿರೆಲ್ಲ ತಲೆಯಾಡಿಸಿದರು. "ನಾವೂ ಅಂಗೇ." "ನಮ್ದೂ ಬೀಗರ ಡಬ್ಬೀನೇ." ಇಪ್ಪತ್ತೆಂಟು ಮನೆಯವರೂ ನನ್ನ ಮಾತನ್ನು ಅಕ್ಷರಶಃ ಪಾಲಿಸಿದ್ದರು. ಇಷ್ಟು ವರ್ಷದಲ್ಲಿ ನನ್ನ ಮಾತನ್ನು ಯಾರೂ ಹಾಗೆ ಪಾಲಿಸಿದ್ದಿಲ್ಲ.

ಗಂಗಣ್ಣ ನಿಧಾನವಾಗಿ ಕೇಳಿದರು: "ಆ ಚೀಟಿ ಬರೆದೋರು ಯಾರು?"

ಗುರುಶಾಂತಮ್ಮನವರು ಚಾಪೆ ಸುತ್ತತೊಡಗಿದರು. ಅವರು ಹೇಳುವವರಲ್ಲ. ಲಕ್ಷ್ಮಿದೇವಿಗೆ ಆ ಕಷ್ಟವಿರಲಿಲ್ಲ; ಬ್ಯಾಗಿನಿಂದ ಸುತ್ತೋಲೆ ತೆಗೆದು, ಗಂಗಣ್ಣನ ಕೈಯಲ್ಲಿದ್ದ ಕಂಪ್ಲೇಂಟಿನ ಪಕ್ಕ ಹಿಡಿದಳು. ಓದಲು ಬಾರದ ಮನುಷ್ಯ ಎರಡನ್ನೂ ನೋಡಿ ನನ್ನ ಕಡೆ ತಿರುಗಿದರು.

"ಮೇಷ್ಟ್ರೇ, ಕೂತ್ಕೊಳಿ. ಟೀಚರಮ್ಮ ಅನ್ನೋದು ಹೊಡೆದಾಕಿ, ಚೀಟಿ ಬರೆದ ಮೇಷ್ಟ್ರು ಅಂತ ಬರೀರಿ."

ಬರೆದೆ. ನನ್ನ ಮೇಲಿನ ಕಂಪ್ಲೇಂಟನ್ನು ನನ್ನ ಕೈಯಾರೆ, ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತು ಬರೆದೆ. ಕಾಗುಣಿತ ತಪ್ಪಾಗಿಲ್ಲ.

ಶುಕ್ರವಾರ ರಜೆಗೆ ಮುಂಚಿನ ದಿನ. ಪ್ರಸಾದ್ ಕಾರಿನಿಂದ ಇಳಿದು ನೋಡಿದರೆ ಗೇಟಿನ ಮುಂದೆ ಯುಕೆಜಿ ತಾಯಂದಿರೆಲ್ಲ, ಒಬ್ಬೊಬ್ಬರ ಕೈಯಲ್ಲೂ ಒಂದು ಡಬ್ಬಿ. ಅವನ ಮುಖ ಬಿಳಿಚಿತು. "ಎಲ್ಲಾ ಕಂಪ್ಲೇಂಟಾ?" ಅಂತ ನನ್ನನ್ನು ಕೇಳಿದ. ನನಗೆ ಗೊತ್ತಿದ್ದರೆ ತಾನೇ.

ಅವರು ಬಂದಿದ್ದು ಡಬ್ಬಿ ಬದಲಾಯಿಸಿಕೊಳ್ಳಲು. ಗುರುಶಾಂತಮ್ಮನವರು ಹಿಂದಿನ ಸಂಜೆ ಮನೆಮನೆಗೂ ಹೇಳಿಕಳಿಸಿದ್ದರು. ಜಮಖಾನದ ಮೇಲೆ ಮತ್ತೆ ರಾಶಿ. ಗಂಗಣ್ಣನೂ ತಮ್ಮದನ್ನು ತಂದು ಇಟ್ಟರು. ಒಬ್ಬೊಬ್ಬ ತಾಯಿಯೂ ಬಂದು, ಹೆಸರು ನೋಡದೆ, ನೆಗ್ಗು ನೋಡಿ, ಮುಚ್ಚಳದ ಬಿಗಿ ನೋಡಿ ತನ್ನ ಡಬ್ಬಿ ಎತ್ತಿಕೊಂಡಳು. ಯಾವುದೂ ಖಾಲಿ ಬಂದಿರಲಿಲ್ಲ. ಒಳಗಿದ್ದ ಹುರಿಗಾಳು, ಬೆಲ್ಲ, ಕಡಲೆಯನ್ನೆಲ್ಲ ಟೀಚರು ಜೀನ್ಸ್ ಚೀಲಗಳಿಗೆ ಸುರಿದು ಒಂದೊಂದು ಮಗುವಿನ ಕೊರಳಿಗೂ ಹಾಕಿದರು. ಖಾಲಿಯಾದ ಡಬ್ಬಿಗೆ ಒಂದೊಂದು ಚಿಟಿಕೆ ಸಕ್ಕರೆ. ಆ ಚೀಲದ ಮೇಲೆ ಯಾರ ಹೆಸರೂ ಇಲ್ಲವಾದ್ದರಿಂದ ಯಾರಿಗೆ ಹಿಂದಿರುಗಿಸಬೇಕು ಅನ್ನುವ ಪ್ರಶ್ನೆ ಏಳಲಿಲ್ಲ.

ಪ್ರಸಾದ್ ಗಂಗಣ್ಣನ ಕಾಗದ ಎರಡು ಸಲ ಓದಿದ. "ಮೇಡಂ ಮೇಲೆ ಏನೂ ಇಲ್ವಾ ತಾತಾ?"

"ಆವಮ್ಮನ ಮ್ಯಾಲೆ ಏನಪ್ಪಾ ಐತೆ? ಮಧ್ಯಾಹ್ನ ಚಾಪೆ ಹಾಸಿ ಮಲಗಿಸುದ್ರು. ಎಬ್ಬಿಸ್ಲಿಲ್ಲ, ಪುಣ್ಯಾತ್ಗಿತ್ತಿ. ಹಂಗ್ ನಿದ್ದೆ ಮಾಡಿ ಎಷ್ಟ್ ವರ್ಸ ಆಗಿತ್ತೋ." ಆಮೇಲೆ ಟವೆಲು ಕೊಡವಿ, "ಆ ಮೇಷ್ಟ್ರನ್ನ ಮಾತ್ರ ಬರ್ಯಾಕೆ ಬಿಡಬ್ಯಾಡಿ" ಅಂದರು.

ಕಂಪ್ಲೇಂಟು ಬಂದ ಮೇಲೆ ಯಾರಾದರೊಬ್ಬರು ಯೂನಿಫಾರಂ ರೂಮಿಗೆ ಹೋಗಲೇಬೇಕಲ್ಲ. ರಜೆ ಮುಗಿದಾಗಿನಿಂದ ದಿನಕ್ಕೆ ಎರಡು ಪೀರಿಯಡ್ಡು ನಾನು ಮೆಟ್ಟಿಲ ಕೆಳಗೆ ಕೂರುತ್ತೇನೆ. ಗುರುಶಾಂತಮ್ಮನವರು ಯುಕೆಜಿಯಲ್ಲೇ ಇದ್ದಾರೆ, ಈ ವರ್ಷವೂ ಪಾಸಾಗಲಿಲ್ಲ. ಗುಂಡಿ ಕಿತ್ತುಕೊಂಡ ಮಕ್ಕಳನ್ನೆಲ್ಲ ನನ್ನ ಗೂಡಿಗೆ ಕಳಿಸುತ್ತಾರೆ. ಮೂಗು ಒರೆಸುವ ಕೆಲಸವೂ ನನಗೇ ಬೀಳುತ್ತದೆ.

ಮೊನ್ನೆ ಅಂಜಿ ಒಂದು ಸಣ್ಣ ಸ್ಟೀಲು ಡಬ್ಬಿ ತಂದುಕೊಟ್ಟು, "ಟೀಚರು ಕೊಟ್ರು, ತಗೊಳ್ರಿ" ಅಂದಳು. ಒಳಗೆ ಎಳ್ಳುಬೆಲ್ಲ. ಬಾಯಿಗೆ ಹಾಕಿಕೊಂಡು ಡಬ್ಬಿ ತಿರುಗಿಸಿ ನೋಡಿದೆ. ಚುಕ್ಕಿಚುಕ್ಕಿಯಾಗಿ ಹೊಡೆದಿತ್ತು: ಕಲ್ಲೇಶ, ಮಡಕಶಿರ.

ನಾನು ಯಾವುದೋ ಮದುವೆಗೆ ಕೊಟ್ಟ ಮುಯ್ಯಿ. ಯಾರ ಮದುವೆ? ಅದು ಎಷ್ಟು ಮನೆ ದಾಟಿ ಟೀಚರ ಕೈಗೆ ಬಂತು? ಅದು ನನ್ನ ಹತ್ತಿರವೇ ಬಂದಿತು ಅಂದರೆ ಯಾರೊಡನೆ ನನ್ನ ಸಂಬಂಧ ಮುರಿಯಿತು? ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಅಂಜಿ ಬಾಗಿಲಲ್ಲಿ ಡಬ್ಬಿಗಾಗಿ ಕಾಯುತ್ತ ನಿಂತಿದ್ದಳು. ಖಾಲಿ ಕೊಡಲಾಗುವುದಿಲ್ಲ, ಸಕ್ಕರೆ ಇಲ್ಲ. ನಾಲ್ಕು ಬಿಳಿ ಗುಂಡಿ ಹಾಕಿ ಮುಚ್ಚಳ ಒತ್ತಿ ಕಳಿಸಿದೆ.